ಹುಳಿಯಿಲ್ಲದ ರೊಟ್ಟಿ

ಈಸ್ಟರ್‌ಗೆ ಮುಂಚಿನ ಗುರುವಾರದ ಸಂಜೆ. ಗುಳೇದಗುಡ್ಡದ ಗೆಳೆಯನೊಬ್ಬನ ಪಡಸಾಲೆಯಲ್ಲಿ ಕುಳಿತಿದ್ದೆ. ಅರ್ಧ ಪಡಸಾಲೆಯನ್ನು ಮಗ್ಗವೇ ನುಂಗಿತ್ತು. ಅಂದು ಕೆಲಸ ನಿಲ್ಲಿಸಿ ಅದರ ಮೇಲೊಂದು ಬಿಳಿ ಪಂಚೆ ಹೊದಿಸಿದ್ದರು. ಚರ್ಚಿಗೆ ಹೊರಡುವ ಮುಂಚೆ ಗೆಳೆಯನ ಮಗಳು ಅಜ್ಜಿಗೆ ವಿಮೋಚನಕಾಂಡದ 12ನೇ ಅಧ್ಯಾಯ ಓದಿ ಹೇಳುತ್ತಿದ್ದಳು. ಐಗುಪ್ತದಲ್ಲಿ ಜೀತಕ್ಕಿದ್ದ ಇಸ್ರಾಯೇಲರು ಬಿಡುಗಡೆಯ ರಾತ್ರಿ ಕುರಿಮರಿ ಕೊಯ್ದು, ಬಾಗಿಲಿನ ಚೌಕಟ್ಟಿಗೆ ಅದರ ರಕ್ತ ಹಚ್ಚಿ, ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪಿನ ಜೊತೆ ಅದನ್ನು ತಿಂದ ಕಥೆ. ಅಜ್ಜಿ ಕೈ ಎತ್ತಿ ತಡೆದರು.

"ಹುಳಿಯಿಲ್ಲದ ರೊಟ್ಟಿ ಅಂತ ಯಾಕ ಬರದಾರ? ರೊಟ್ಟಿಗೆ ಎಂದ ಹುಳಿ ಹಾಕೀವಿ ನಾವು?"

"ಅದು ಬ್ರೆಡ್ ಆಯಿ, ರೊಟ್ಟಿ ಅಲ್ಲ."

"ಹಂಗಾರ ಬ್ರೆಡ್ ಅಂತ ಬರೀಬೇಕಿತ್ತು."

ಎಲ್ಲರೂ ನಕ್ಕರು. ಆಮೇಲೆ ಯೋಚಿಸಿದಂತೆಲ್ಲ ಆ ಪ್ರಶ್ನೆ ನಗುವಂಥದ್ದಲ್ಲ ಅನ್ನಿಸಿತು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ನಮಗೆ ರೊಟ್ಟಿ ಅಂದರೆ ಜೋಳದ ರೊಟ್ಟಿ. ಕುದಿನೀರಿಗೆ ಹಿಟ್ಟು ಹಾಕಿ ನಾದಿ, ಬಡಿದು, ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆ ಸವರಿ, ತಿರುವಿ ಉಬ್ಬಿಸಿ ತೆಗೆಯುವುದು. ಅದು ಉಬ್ಬುವುದು ಉಗಿಯಿಂದ, ಹುಳಿಯಿಂದಲ್ಲ. ಕನ್ನಡ ಬೈಬಲ್ಲಿನ ಮೊದಲ ಪೂರ್ಣ ಅನುವಾದ 1831ರ ಹೊತ್ತಿಗೆ ಸಿದ್ಧವಾದದ್ದು ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ. ಬಳ್ಳಾರಿಯೂ ಜೋಳದ ನಾಡೇ. ಇಂದಿಗೂ ಕನ್ನಡ ಬೈಬಲ್ಲಿನಲ್ಲಿ ಆ ಆಹಾರಕ್ಕೆ ರೊಟ್ಟಿ ಎಂಬ ಹೆಸರೇ ನಿಂತಿದೆ. ಆ ಪದದಿಂದ ಕನ್ನಡ ಕ್ರೈಸ್ತರಿಗೆ ಲಾಭವೂ ಆಯಿತು, ನಷ್ಟವೂ ಆಯಿತು. ಯೇಸು ಕೊನೆಯ ರಾತ್ರಿ ಮುರಿದು ಹಂಚಿದ್ದು ನಮ್ಮ ಬುಟ್ಟಿಯಲ್ಲಿರುವಂಥದ್ದೇ ಎಂಬ ಸಲಿಗೆ ಲಾಭ. ಅದು ಎಲ್ಲಿಂದ ಬಂತು, ಹುಳಿಯನ್ನು ಯಾಕೆ ದೂರ ಇಟ್ಟರು ಎಂಬ ಪ್ರಶ್ನೆಯೇ ಏಳದೆ ಹೋದದ್ದು ನಷ್ಟ.

ನಾನು ಕ್ರೈಸ್ತನಲ್ಲ. ಕೂಡಲಸಂಗಮದ ದಾಸೋಹದಲ್ಲಿ ಉಂಡು ಬೆಳೆದವನು. ಹೊರಗಿನವನಾಗಿ ನನಗೆ ಕಾಣುವುದಿಷ್ಟು: ಯೇಸುವಿನ ಆ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನ ಏನೆಂದು ತಿಳಿಯಲು ಹೊರಟವರು ಬಹುತೇಕ ರೊಟ್ಟಿಗೆ ಏನಾಗುತ್ತದೆ ಎಂಬಲ್ಲಿ ಸಿಕ್ಕಿಬೀಳುತ್ತಾರೆ. ಆ ಊಟ ಹುಟ್ಟಿದ ಯೆಹೂದ್ಯರ ಮನೆಯೊಳಗೆ ಹೋಗಿ ನೋಡಿದರೆ ಅಲ್ಲಿರುವ ಪ್ರಶ್ನೆ ಬೇರೆ. ಉಣ್ಣುವವರು ಯಾರು, ಯಾರನ್ನು ಪಕ್ಕಕ್ಕೆ ಕೂರಿಸಿಕೊಂಡಿದ್ದಾರೆ, ಏನನ್ನು ನೆನೆದು ಉಣ್ಣುತ್ತಿದ್ದಾರೆ ಎಂಬುದು.

ಅಜ್ಜಿಯ ಪ್ರಶ್ನೆ ಅವರಿಗಿಂತ ಮೊದಲೇ ನಮ್ಮ ನೆರೆಯಲ್ಲಿ ಎದ್ದಿತ್ತು. ಕೊಂಕಣ ತೀರದ ಹಳ್ಳಿಗಳಲ್ಲಿ ಶತಮಾನಗಳಿಂದ ಬೆನೆ ಇಸ್ರಾಯೇಲ್ ಎಂಬ ಯೆಹೂದ್ಯರಿದ್ದರು. ಗಾಣದ ಕಸುಬಿನವರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು ಶನಿವಾರ ತೇಲಿ ಎನ್ನುತ್ತಿದ್ದರು, ಅಂದರೆ ಶನಿವಾರದ ಗಾಣಿಗರು. ಹೀಬ್ರೂ ಮರೆತು ಮರಾಠಿ ಮಾತಾಡುತ್ತಿದ್ದ ಅವರಲ್ಲಿ ಐಗುಪ್ತದ ಆ ಬಿಡುಗಡೆಯ ರಾತ್ರಿಯನ್ನು ನೆನೆಯುವ ಪಸ್ಕ ಹಬ್ಬಕ್ಕೆ ಆ ಹೆಸರೂ ಉಳಿದಿರಲಿಲ್ಲ. ಅವರು ಅದನ್ನು ಕರೆಯುತ್ತಿದ್ದದ್ದು ಆನಸ ಮುಚ್ಚುವ ಹಬ್ಬ ಎಂದು. ಆನಸ ಅಂದರೆ ಊಟಕ್ಕೆ ನೆಂಚಿಕೊಳ್ಳುವ ಹುಳಿನೀರಿನ ಮಡಕೆ. ಅಕ್ಕಿ ಉಣ್ಣುವ ಮನೆಯಲ್ಲಿ ಹುದುಗುವ ಬ್ರೆಡ್ಡೇ ಇಲ್ಲದಿದ್ದಾಗ ಹುಳಿ ಬಿಡುವುದು ಹೇಗೆ? ಇದ್ದ ಹುಳಿಯ ಮಡಕೆಯ ಬಾಯಿ ಕಟ್ಟಿದರು. ಗ್ರಂಥ ಇರಲಿಲ್ಲ, ಗುರು ಇರಲಿಲ್ಲ, ಹಬ್ಬದ ಹೆಸರೇ ಇರಲಿಲ್ಲ. ಆದರೂ ಆ ದಿನಗಳಲ್ಲಿ ಹುಳಿ ಮುಟ್ಟಬಾರದು ಎಂಬ ನೆನಪನ್ನು ಅಡುಗೆಮನೆ ಕಾಪಾಡಿಕೊಂಡಿತು.

ಶಾಸ್ತ್ರ ಬಲ್ಲ ಯೆಹೂದ್ಯರಲ್ಲಿ ಇದರ ಲೆಕ್ಕ ಇನ್ನೂ ಬಿಗಿ. ಪಸ್ಕದ ರೊಟ್ಟಿಯ ಹೆಸರು ಮಾತ್ಸಾ. ಹಿಟ್ಟಿಗೆ ನೀರು ಬಿದ್ದ ಗಳಿಗೆಯಿಂದ 18 ನಿಮಿಷದೊಳಗೆ ಅದು ಒಲೆ ಸೇರಬೇಕು. ತಡವಾದರೆ ಹುಳಿ ಹಿಡಿಯಿತೆಂದೇ ಲೆಕ್ಕ. ಅದನ್ನು ಗೋಧಿ, ಬಾರ್ಲಿ ಮುಂತಾದ 5 ಧಾನ್ಯಗಳಿಂದ ಮಾತ್ರ ಮಾಡಬೇಕು. ಅಕ್ಕಿ, ನವಣೆಯಂಥ ಕಾಳುಗಳು ಹುಳಿಯುವುದಿಲ್ಲ, ಬರೀ ಕೊಳೆಯುತ್ತವೆ ಎಂದು ಯೆಹೂದ್ಯ ಧರ್ಮಶಾಸ್ತ್ರವಾದ ತಾಲ್ಮೂದಿನ ಪಂಡಿತರು ಅವನ್ನು ಹೊರಗಿಟ್ಟರು. ಈ ತರ್ಕ ನನಗೆ ಬಹಳ ಹಿಡಿಸಿತು. ಹುಳಿಯಬಲ್ಲ ಹಿಟ್ಟಿನಿಂದ ಮಾತ್ರ ಹುಳಿಯಿಲ್ಲದ ರೊಟ್ಟಿ ಮಾಡಲು ಸಾಧ್ಯ. ಇಲ್ಲಿ ಮುಖ್ಯವಾದದ್ದು ರುಚಿಯಲ್ಲ, ಗಡಿಬಿಡಿ. ಹಿಟ್ಟು ಉಬ್ಬುವವರೆಗೆ ಕಾಯಲು ಆ ರಾತ್ರಿ ಯಾರಿಗೂ ಪುರುಸೊತ್ತಿರಲಿಲ್ಲ. ನಡು ಕಟ್ಟಿಕೊಂಡು, ಕಾಲಿಗೆ ಕೆರ ಮೆಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು ತಿನ್ನಬೇಕೆಂದು ಅದೇ ಅಧ್ಯಾಯದಲ್ಲಿದೆ. ಜೀತದಿಂದ ಓಡಿಹೋಗುವವರ ಬುತ್ತಿ ಅದು.

ಇದನ್ನು ವರ್ಷಕ್ಕೊಮ್ಮೆ ನೆನೆಯುವುದು ಅಂದರೆ ಹಳೆಯ ಸಂಗತಿಯೊಂದನ್ನು ಜ್ಞಾಪಿಸಿಕೊಳ್ಳುವುದು ಅಂತ ನಾವು ತಿಳಿಯುತ್ತೇವೆ. ಹೀಬ್ರೂವಿನ ಜಿಕ್ಕಾರೋನ್ ಎಂಬ ಮಾತಿನ ಹರವು ಅದಕ್ಕಿಂತ ದೊಡ್ಡದು. ಮಗ ಕೇಳಿದಾಗ ತಂದೆ ಕೊಡಬೇಕಾದ ಉತ್ತರವನ್ನು ವಿಮೋಚನಕಾಂಡದ 13ನೇ ಅಧ್ಯಾಯ ಹೇಳಿಕೊಡುತ್ತದೆ: ನಮ್ಮ ಹಿರಿಯರಿಗೆ ಹೀಗಾಯಿತು ಎಂದಲ್ಲ, ನಾನು ಐಗುಪ್ತದಿಂದ ಹೊರಟಾಗ ದೇವರು ನನಗೆ ಹೀಗೆ ಮಾಡಿದ ಎಂದು. ಪ್ರತಿಯೊಂದು ತಲೆಮಾರಿನ ಪ್ರತಿಯೊಬ್ಬನೂ ತಾನೇ ಅಲ್ಲಿಂದ ಹೊರಟು ಬಂದವನೆಂದು ಎಣಿಸಬೇಕೆಂದು ಯೆಹೂದ್ಯರ ಹಳೆಯ ಧರ್ಮಗ್ರಂಥ ಮಿಷ್ನಾ ವಿಧಿಸುತ್ತದೆ.

ನಮ್ಮ ಕಡೆಯವರಿಗೆ ಇದು ಅರ್ಥವಾಗದ ಮಾತೇನಲ್ಲ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮುಸ್ಲಿಮರ ಮನೆ ಒಂದೂ ಇಲ್ಲದಿದ್ದರೂ ಮೊಹರಮ್ಮಿಗೆ ಅಲಾಯಿ ದೇವರನ್ನು ಕೂಡಿಸುತ್ತಾರೆ. ಕರ್ಬಲಾ ಕಾಳಗ ನಡೆದದ್ದು 680ರಲ್ಲಿ, ಎಲ್ಲೋ ಇರಾಕಿನ ಮರಳಲ್ಲಿ. ಆದರೆ ರಿವಾಯತ್ ಹಾಡುವವರ ಕೊರಳಲ್ಲಿ ಅದು ಮೊನ್ನೆ ನಮ್ಮೂರ ಅಗಸಿಯ ಮುಂದೆ ನಡೆದಂತೆ ಬರುತ್ತದೆ. ಕುರುಬರ ಮುದುಕಿಯ ಕಣ್ಣಲ್ಲಿ ನೀರು ಬರುತ್ತದೆ. ಕ್ರೈಸ್ತರು ಗ್ರೀಕಿನಲ್ಲಿ ಅನಾಮ್ನೆಸಿಸ್ ಎಂದು ಕರೆದದ್ದು ಇಂಥ ನೆನಪನ್ನೇ. ಇದನ್ನು ನನ್ನ ನೆನಪಿಗಾಗಿ ಮಾಡಿರಿ ಎಂದು ಯೇಸು ಹೇಳಿದ್ದು ಜಿಕ್ಕಾರೋನಿನ ಒಳಗೆ ಬೆಳೆದ ಯೆಹೂದ್ಯ ಗಂಡಸರಿಗೆ. ಗೋಡೆಗೆ ಫೋಟೋ ತೂಗಿ ಊದುಬತ್ತಿ ಹಚ್ಚಿರಿ ಎಂದ ಹಾಗೆ ಅವರಿಗೆ ಕೇಳಿಸಿರಲಿಕ್ಕಿಲ್ಲ.

ಆ ರಾತ್ರಿಯ ಬಗ್ಗೆ ನಮಗೆ ಸಿಗುವ ಅತ್ಯಂತ ಹಳೆಯ ಬರಹ ಸುವಾರ್ತೆಗಳದಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ. ಕ್ರಿಸ್ತಶಕ 55ರ ಆಸುಪಾಸಿನದು. ಯೇಸು ಸತ್ತು ಕಾಲು ಶತಮಾನವಾಗಿತ್ತಷ್ಟೆ. ಮತ್ತಾಯ, ಮಾರ್ಕ, ಲೂಕರು ಅದನ್ನು ಪಸ್ಕದ ಊಟವೆಂದೇ ಹೇಳುತ್ತಾರೆ. ಯೋಹಾನನ ಲೆಕ್ಕದಲ್ಲಿ ಮಾತ್ರ ಯೇಸು ಶಿಲುಬೆಗೇರಿದ್ದು ಹಬ್ಬದ ಹಿಂದಿನ ದಿನ, ಪಸ್ಕದ ಕುರಿಮರಿಗಳನ್ನು ದೇವಾಲಯದಲ್ಲಿ ಕೊಯ್ಯುವ ಹೊತ್ತಿಗೆ. ಯಾವ ಲೆಕ್ಕ ಸರಿ ಎಂದು ಪಂಡಿತರು ಇಂದಿಗೂ ಜಗ್ಗಾಡುತ್ತಾರೆ. ಎರಡರಲ್ಲೂ ಆ ಊಟಕ್ಕೆ ಪಸ್ಕದ ನೆರಳಿದೆ, ನನಗೆ ಅಷ್ಟು ಸಾಕು.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಈಚೆಗೆ ಕೆಲವು ಚರ್ಚುಗಳಲ್ಲಿ ಪವಿತ್ರ ಗುರುವಾರ ಯೆಹೂದ್ಯರು ಪಸ್ಕದ ರಾತ್ರಿ ಮಾಡುವ ಸೇದರ್ ಊಟವನ್ನು ನಕಲು ಮಾಡುವ ಹುರುಪು ಬಂದಿದೆ. ನಾಲ್ಕು ಬಟ್ಟಲು, ಕಹಿ ಸೊಪ್ಪು, ಅಡಗಿಸಿಟ್ಟ ಮಾತ್ಸಾದ ತುಂಡು ಎಲ್ಲಕ್ಕೂ ಯೇಸುವಿನ ಅರ್ಥ ಹಚ್ಚಿ ವಿವರಿಸುತ್ತಾರೆ. ನನಗಿದು ಒಪ್ಪಿಗೆಯಿಲ್ಲ. ಇಂದಿನ ಸೇದರ್ ರೂಪುಗೊಂಡದ್ದು ಕ್ರಿಸ್ತಶಕ 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯ ಕೆಡವಿದ ಮೇಲೆ. ದೇವಾಲಯ ಹೋಯಿತು, ಬಲಿ ನಿಂತಿತು, ಕುರಿಮರಿ ಹೋಯಿತು. ಉಳಿದದ್ದು ರೊಟ್ಟಿ, ಬಟ್ಟಲು, ಬಾಯಿಮಾತಿನ ಕಥೆ. ಅದೇ ಹೊತ್ತಿಗೆ ಅದೇ ಮನೆಯ ಇನ್ನೊಂದು ಕವಲು, ಯೇಸುವನ್ನು ನಂಬಿದವರು, ಅವರೂ ರೊಟ್ಟಿ ಬಟ್ಟಲುಗಳ ಸುತ್ತ ಕುಳಿತಿದ್ದರು. ಎರಡೂ ಬೇರೆಯಾದ ಅಣ್ಣತಮ್ಮಂದಿರ ಒಲೆಗಳು. ಅಣ್ಣನ ಮನೆಯ ಇವತ್ತಿನ ಅಡುಗೆಯನ್ನು ತಂದು ಇದು ನಮ್ಮ ತಾತನ ಕಾಲದ್ದು ಎಂದು ಬಡಿಸುವುದು ಸರಿಯಲ್ಲ. ಬೇಕಿದ್ದರೆ ಯೆಹೂದ್ಯರ ಮನೆಗೆ ಕರೆ ಬಂದಾಗ ಹೋಗಿ ಕೂತು ನೋಡಬೇಕು.

ಹಳೆಯದಕ್ಕೂ ಹೊಸದಕ್ಕೂ ಇರುವ ನಂಟನ್ನು ಹೇಳಲು ನನಗೆ ಇಳಕಲ್ಲಿಗಿಂತ ಒಳ್ಳೆಯ ಊರು ಸಿಗಲಿಲ್ಲ. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಎರಡರ ಹಾಸುನೂಲೂ ಬೇರೆ. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ಸಿಕ್ಕಿಸಿ ಒಂದೊಂದೇ ಜೋಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಸೆರಗಿನ ಬಣ್ಣ ಎದ್ದು ಕಾಣುತ್ತದೆ, ಕಾಣಬೇಕಾದದ್ದೇ. ಕೊಂಡಿ ಕಿತ್ತರೆ ಕೈಯಲ್ಲಿ ಉಳಿಯುವುದು ಒಂದು ರೇಷ್ಮೆ ತುಂಡು. ಬಟ್ಟಲನ್ನು ಹಿಡಿದು ಯೇಸು ಅದನ್ನು ಹೊಸ ಒಡಂಬಡಿಕೆ ಎಂದಾಗ ಅವನು ಹಾಕಿದ್ದು ಎರಡು ಕೊಂಡಿ. ಒಂದು ಸೀನಾಯಿ ಬೆಟ್ಟಕ್ಕೆ: ವಿಮೋಚನಕಾಂಡದ 24ನೇ ಅಧ್ಯಾಯದಲ್ಲಿ ಮೋಶೆ ಒಡಂಬಡಿಕೆಯ ರಕ್ತವನ್ನು ಜನರ ಮೇಲೆ ಚಿಮುಕಿಸುತ್ತಾನೆ, ಆಮೇಲೆ ಹಿರಿಯರು ಬೆಟ್ಟದ ಮೇಲೆ ದೇವರ ಎದುರೇ ಉಂಡು ಕುಡಿಯುತ್ತಾರೆ. ಇನ್ನೊಂದು ಪ್ರವಾದಿ ಯೆರೆಮೀಯನಿಗೆ: ದೇವರು ಜನರೊಂದಿಗೆ ಹೊಸ ಒಡಂಬಡಿಕೆ ಮಾಡಿ, ಧರ್ಮವನ್ನು ಎದೆಯ ಮೇಲೇ ಬರೆಯುವ ದಿನ ಬರುತ್ತದೆಂದು ಅವನ 31ನೇ ಅಧ್ಯಾಯ ಹೇಳುತ್ತದೆ.

ಯೆಹೂದ್ಯರ ನಡುವೆ ಆ ಮಾತು ಎಷ್ಟು ಬೆಚ್ಚಿಬೀಳಿಸಿರಬೇಕು ಎಂಬುದೂ ಆ ಮನೆಯೊಳಗೆ ನಿಂತರೇ ತಿಳಿಯುವುದು. ಪ್ರಾಣಿಯ ರಕ್ತ ಕೂಡ ನಾಲಿಗೆಗೆ ತಾಕಬಾರದು, ಜೀವ ಇರುವುದು ರಕ್ತದಲ್ಲಿ ಎಂದು ಯಾಜಕಕಾಂಡದ 17ನೇ ಅಧ್ಯಾಯ ಕಡ್ಡಾಯ ಮಾಡಿದೆ. ಅಂಥವರ ಎದುರು ಬಟ್ಟಲು ತನ್ನ ರಕ್ತ ಎನ್ನುವುದು! ಇದನ್ನು ಅಕ್ಷರಶಃ ಹಿಡಿದರೂ ಕಷ್ಟ, ಬರೀ ಅಲಂಕಾರ ಎಂದು ತಳ್ಳಿದರೂ ಕಷ್ಟ. ಜೀವ ಇರುವುದು ರಕ್ತದಲ್ಲಿ ಎಂಬ ಅದೇ ನಂಬಿಕೆಯಿಂದ, ತನ್ನ ಜೀವವನ್ನೇ ಹಂಚುತ್ತಿದ್ದೇನೆ ಎಂದು ಅವನು ಹೇಳಿದ ಎಂದು ನಾನು ಓದಿಕೊಳ್ಳುತ್ತೇನೆ.

ಅಕ್ಷರಶಃ ಹಿಡಿಯಬೇಕೋ ಬೇಡವೋ ಎಂದು ಕ್ರೈಸ್ತರು ಸಾವಿರ ವರ್ಷ ಜಗಳಾಡಿದರು. ಕ್ಯಾಥೊಲಿಕ್ಕರ 1215ರ ಲ್ಯಾಟರನ್ ಮಹಾಸಭೆ, ಕಣ್ಣಿಗೆ ರೊಟ್ಟಿಯಾಗಿಯೇ ಉಳಿದರೂ ಅದರ ತಿರುಳು ಕ್ರಿಸ್ತನ ದೇಹವಾಗಿ ಬದಲಾಗುತ್ತದೆ ಎಂದು ನಿರ್ಣಯಿಸಿತು. ಕ್ಯಾಥೊಲಿಕ್ ಸಭೆಯಿಂದ ಸಿಡಿದುಬಂದ ಪ್ರೊಟೆಸ್ಟಂಟರೂ ಒಂದಾಗಲಿಲ್ಲ. 1529ರ ಅಕ್ಟೋಬರಿನಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಲೂಥರ್ ಒಂದು ಕಡೆ, ಜ್ಯೂರಿಕ್‌ನ ಜ್ವಿಂಗ್ಲಿ ಇನ್ನೊಂದು ಕಡೆ ಕುಳಿತು 14 ವಿಷಯಗಳಲ್ಲಿ ಒಪ್ಪಿದರು, 15ನೆಯದಾದ ಈ ಭೋಜನದಲ್ಲಿ ಕಡಿದುಕೊಂಡರು. ಇದು ನನ್ನ ದೇಹ ಎಂಬ ವಾಕ್ಯವನ್ನು ಲ್ಯಾಟಿನ್ನಿನಲ್ಲಿ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದುಕೊಂಡಿದ್ದ ಲೂಥರ್ ಅದರಿಂದ ಒಂದಿಂಚೂ ಕದಲಲಿಲ್ಲ. ವಿಚಿತ್ರವೆಂದರೆ ಯೇಸು ಆಡುತ್ತಿದ್ದ ಅರಾಮಿಕ್ಕಿನಲ್ಲಿ ಇಂಥ ವಾಕ್ಯಕ್ಕೆ ಕ್ರಿಯಾಪದ ಬೇಕೇ ಇಲ್ಲ, ಥೇಟ್ ನಮ್ಮ ಕನ್ನಡದ ಹಾಗೆ. ಇದು ನನ್ನ ಮನೆ, ಇದು ನನ್ನ ಹೊಲ, ಇದು ನನ್ನ ದೇಹ. ಲ್ಯಾಟಿನ್ನಿನ ಒಂದು ಕ್ರಿಯಾಪದದ ಮೇಲೆ ನಿಂತ ಆ ದೊಡ್ಡ ಜಗಳ ಗುಳೇದಗುಡ್ಡದ ಕಟ್ಟೆಯ ಮೇಲೆ ಹುಟ್ಟುತ್ತಲೇ ಇರಲಿಲ್ಲವೇನೋ.

ಆದರೆ ಜಗಳದ ಮಂದಿ ಗುಳೇದಗುಡ್ಡಕ್ಕೂ ಬಂದರು. ಮಾರ್ಬುರ್ಗಿನಲ್ಲಿ ಜ್ವಿಂಗ್ಲಿಯ ಪಕ್ಕ ಕೂತಿದ್ದವನು ಬಾಸೆಲ್ ನಗರದ ಇಕೊಲಂಪಾಡಿಯಸ್. ಮೂರು ಶತಮಾನ ಕಳೆದು ಅದೇ ಬಾಸೆಲ್‌ನಲ್ಲಿ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು. ಊರು ಜ್ವಿಂಗ್ಲಿಯ ಕಡೆಯ ಪರಂಪರೆಯದು, ತರಬೇತಿಗೆ ಬಂದ ಹುಡುಗರಲ್ಲಿ ಬಹಳ ಮಂದಿ ವುರ್ಟೆಂಬರ್ಗಿನ ಲೂಥರನ್ನರು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ದಾಟಿ ಅವರು 1851ರಲ್ಲಿ ಗುಳೇದಗುಡ್ಡದ ನೇಕಾರರ ನಡುವೆ ಕೇಂದ್ರ ತೆರೆದರು. ಮಾರ್ಬುರ್ಗಿನಲ್ಲಿ ಒಂದೇ ಮೇಜಿಗೆ ಕೂರಲಾರದೆ ಹೋದವರ ಮೊಮ್ಮಕ್ಕಳು ಇಲ್ಲಿ ಒಂದೇ ಬಟ್ಟಲು ಹಂಚಿದರು. ಅವರ ದೇವಶಾಸ್ತ್ರ ಬದಲಾಗಿತ್ತು ಅಂತಲ್ಲ. ಇಲ್ಲಿ ಅವರೆದುರು ನಿಂತದ್ದು ಬೇರೆಯೇ ಪ್ರಶ್ನೆ: ಈ ಬಟ್ಟಲಿಗೆ ಯಾರ ಪಕ್ಕ ಯಾರು ಬಾಯಿ ಹಚ್ಚುತ್ತಾರೆ?

ಆ ಪ್ರಶ್ನೆಯ ತೂಕ ತಿಳಿಯಲು ತಮಿಳು ಸೀಮೆಯನ್ನು ನೋಡಬೇಕು. ತಂಜಾವೂರು, ವೇಪೇರಿಯ ಹಳೆಯ ಸಭೆಗಳಲ್ಲಿ ಜಾತಿವಾರು ಕೂರುವುದು, ಭೋಜನಕ್ಕೆ ಮೇಲಿನವರು ಮೊದಲು ಬರುವುದು ನಡೆದುಕೊಂಡು ಬಂದಿತ್ತು. 1833ರಲ್ಲಿ ಕಲಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಇದು ಕೂಡಲೇ ನಿಲ್ಲಬೇಕೆಂದು ಪತ್ರ ಬರೆದರು. ಕ್ರಿಸ್ತನನ್ನು ಒಪ್ಪಿದ್ದ ನೂರಾರು ಜನ ಬಟ್ಟಲನ್ನು ಒಪ್ಪದೆ ಎದ್ದುಹೋದರು. ಬಾಸೆಲ್ಲಿನವರು ಮೊದಲಿನಿಂದಲೂ ಜಾತಿಯ ವಿಷಯದಲ್ಲಿ ಕಟ್ಟುನಿಟ್ಟು. ಅವರ ಎಲ್ಲವನ್ನೂ ಮೆಚ್ಚಬೇಕಾಗಿಲ್ಲ. ಇಲ್ಲಿನ ದೇವರುಗಳ ಬಗ್ಗೆ, ಹಾಡು ಹಬ್ಬಗಳ ಬಗ್ಗೆ ಅವರಾಡಿದ ಬಿರುಸು ಮಾತುಗಳನ್ನು ಓದುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ಬಟ್ಟಲಿನ ವಿಷಯದಲ್ಲಿ ಅವರು ರಾಜಿಯಾಗಲಿಲ್ಲ, ಅದನ್ನು ಒಪ್ಪಲೇಬೇಕು.

ಹಾಗೆ ನೋಡಿದರೆ ಪೌಲನು ಆ ರಾತ್ರಿಯ ಮಾತುಗಳನ್ನು ಬರೆದಿಟ್ಟದ್ದೇ ಒಂದು ಪಂಕ್ತಿಭೇದದ ಜಗಳದಿಂದಾಗಿ. ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ತಂದ ಬುತ್ತಿ ಬಿಚ್ಚಿ ಉಂಡು ಕುಡಿದು ಅಮಲೇರುತ್ತಿದ್ದರು. ಕೂಲಿಯವರು, ಗುಲಾಮರು ದುಡಿಮೆ ಮುಗಿಸಿ ಬರುವಷ್ಟರಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಪೌಲ ಕೆರಳಿದ. ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಅಂದ. ಏನೂ ಇಲ್ಲದವರನ್ನು ನಾಚಿಸುತ್ತಿದ್ದೀರಿ ಅಂದ. ಒಬ್ಬರಿಗೊಬ್ಬರು ಕಾದು ಉಣ್ಣಿರಿ ಅಂದ. ದೇಹವನ್ನು ಗುರುತಿಸದೆ ತಿನ್ನುವವನು ತನಗೇ ದಂಡನೆ ತಂದುಕೊಳ್ಳುತ್ತಾನೆ ಎಂಬ ಅವನ ಮಾತನ್ನು ಆಮೇಲಿನವರು ರೊಟ್ಟಿಯೊಳಗಿನ ದೇಹಕ್ಕೆ ಹಚ್ಚಿದರು. ಜಗಳದ ಹಿನ್ನೆಲೆ ಗೊತ್ತಿದ್ದವನಿಗೆ ಅಲ್ಲಿನ ದೇಹ ಪಕ್ಕದಲ್ಲಿ ಹಸಿದು ಕುಳಿತವನ ದೇಹವೂ ಹೌದು. ಪೌಲನು ಇದನ್ನು ಹೊಸದಾಗಿ ಕಂಡುಹಿಡಿಯಲಿಲ್ಲ. ಮನೆ ಚಿಕ್ಕದಾಗಿ ಒಂದು ಕುರಿಮರಿ ತಿಂದು ತೀರಿಸಲಾಗದಿದ್ದರೆ ನೆರೆಮನೆಯವರನ್ನು ಕೂಡಿಸಿಕೊಳ್ಳಬೇಕೆಂದು ಪಸ್ಕದ ವಿಧಿಯಲ್ಲೇ ಇದೆ. ಹಸಿದವರೆಲ್ಲ ಒಳಗೆ ಬಂದು ಉಣ್ಣಲಿ ಎಂದು ಕರೆದ ಮೇಲೆಯೇ ಇವತ್ತಿಗೂ ಸೇದರಿನ ಕಥೆ ಶುರುವಾಗುವುದು.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ಓದುಗರು ಕೇಳುವ ಪ್ರಶ್ನೆ ನನಗೆ ಗೊತ್ತು. ಇದು ನಮ್ಮ ಪ್ರಸಾದವೇ ಅಲ್ಲವೇ? ಹುನಗುಂದ ತಾಲೂಕಿನಲ್ಲೇ ಕೂಡಲಸಂಗಮವಿದೆ, ಬಸವಣ್ಣನವರ ಐಕ್ಯಸ್ಥಳ. ಪಾದೋದಕ, ಪ್ರಸಾದಗಳು ಅಷ್ಟಾವರಣದಲ್ಲಿ ಸೇರಿದವು. ಕುಲ ಕೇಳದೆ ಒಟ್ಟಿಗೆ ಉಂಡದ್ದು 12ನೇ ಶತಮಾನದ ಕಲ್ಯಾಣದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಕನ್ನಡ ಕ್ಯಾಥೊಲಿಕ್ಕರೂ ಈ ಪದವನ್ನೇ ಹಿಡಿದರು. ಇಳಕಲ್ಲಿನಿಂದ ಪೂರ್ವಕ್ಕಿರುವ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲಕ್ಕೆ ಗೋವೆಯಿಂದ ಬಂದ ಜೆಸ್ವಿಟರ ಹಳೆಯ ಸಭೆಯಿದೆ. ಅಲ್ಲಿ ಅದು ಪರಮಪ್ರಸಾದ. ಗುಳೇದಗುಡ್ಡದ ಪ್ರೊಟೆಸ್ಟಂಟರಿಗೆ ಅದು ಕರ್ತನ ಭೋಜನ. 1969ರಲ್ಲಿ ರೋಮ್ ಭಾರತದ ಪೂಜೆಗೆ 12 ಮಾರ್ಪಾಡುಗಳನ್ನು ಒಪ್ಪಿ, ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಆರತಿ ಎತ್ತುವುದು ಒಳಗೆ ಬಂದವು. ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಜೆಸ್ವಿಟರು ವಿರಕ್ತಮಠದ ಮಾದರಿಯಲ್ಲೇ ದೇವಾಲಯ ಕಟ್ಟಿ ಕಾವಿ ಉಟ್ಟರು.

ಪ್ರಸಾದ ಎಂಬ ಪದ ಕೆಟ್ಟದ್ದಲ್ಲ. ಕೊಡುವವನ ದಯೆ, ಪಡೆಯುವವನ ವಿನಯ ಎರಡೂ ಅದರಲ್ಲಿವೆ. ಆದರೂ ಎರಡನ್ನೂ ಒಂದೇ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಪ್ರಸಾದಕ್ಕೆ ತಾರೀಖಿಲ್ಲ. ಲಿಂಗಕ್ಕೆ ಅರ್ಪಿಸಿದ್ದೆಲ್ಲ, ಯಾವ ದಿನವಾದರೂ, ಪ್ರಸಾದವೇ. ಕರ್ತನ ಭೋಜನಕ್ಕೆ ಒಂದು ತಾರೀಖಿದೆ, ಒಂದು ಊರಿದೆ, ಒಬ್ಬ ರೋಮನ್ ಅಧಿಕಾರಿ ಇದ್ದಾನೆ, ಹಿಡಿದುಕೊಟ್ಟ ಗೆಳೆಯನೂ ಅದೇ ಪಂಕ್ತಿಯಲ್ಲಿ ಇದ್ದಾನೆ. ಇದಕ್ಕೂ ಹಿಂದೆ ಇನ್ನೊಂದು ತಾರೀಖಿನ ರಾತ್ರಿ, ಫರೋಹನ ಜೀತದಿಂದ ಹೊರಟದ್ದು. ಪ್ರಸಾದವೆಂದು ಮಾತ್ರ ಕರೆದರೆ ಈ ತಾರೀಖು ಅಳಿಸಿಹೋಗುತ್ತದೆ. ಭೋಜನವೆಂದು ಮಾತ್ರ ಕರೆದರೆ ಕೊಟ್ಟವನು ಮರೆತುಹೋಗುತ್ತಾನೆ. ಕ್ರೈಸ್ತರ ಹಳೆಯ ಹೆಸರು ಯೂಕರಿಸ್ಟ್, ಅಂದರೆ ಕೃತಜ್ಞತೆ. ಎರಡನೇ ಶತಮಾನಕ್ಕೂ ಹಿಂದಿನದೆಂದು ಹಲವರು ಎಣಿಸುವ ದಿದಾಖೆ ಎಂಬ ಪುಟ್ಟ ಪುಸ್ತಕದಲ್ಲಿ ಈ ಊಟದ ಪ್ರಾರ್ಥನೆಗಳಿವೆ. ಮೊದಲು ಬಟ್ಟಲಿಗೆ, ಆಮೇಲೆ ರೊಟ್ಟಿಗೆ ಅಲ್ಲಿ ಸ್ತೋತ್ರ. ಯೆಹೂದ್ಯರು ಊಟಕ್ಕೆ ಮುಂಚೆ, ಊಟವಾದ ಮೇಲೆ ದೇವರನ್ನು ಹರಸುವ ಧಾಟಿಯೇ ಅದು, ಯೇಸುವಿನ ಹೆಸರು ಸೇರಿದೆ ಅಷ್ಟೆ.

ಕೃತಜ್ಞತೆಯ ಆ ಊಟ ಇನ್ನೂ ಜೀವಂತವಾಗಿರುವುದನ್ನು ನೋಡಲು ಮತ್ತೆ ಶನಿವಾರದ ಗಾಣಿಗರ ಹತ್ತಿರವೇ ಹೋಗಬೇಕು. ಬೆನೆ ಇಸ್ರಾಯೇಲರು ಹರಕೆ ತೀರಿದಾಗ, ಮದುವೆ ಮುಂಜಿ ಕೂಡಿಬಂದಾಗ ಪ್ರವಾದಿ ಎಲೀಯನ ಹೆಸರಲ್ಲಿ ಮಲಿದಾ ಮಾಡುತ್ತಾರೆ: ತಟ್ಟೆಯಲ್ಲಿ ನೆನೆದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಸುತ್ತ ಹಣ್ಣು. ನಮ್ಮ ಕಡೆ ದರ್ಗಾಕ್ಕೆ ಒಯ್ಯುವ ಮಾಲದಿಯ ಹೆಸರೂ ಇದೇ. ಸಬ್ಬತ್ತಿನ ಬಟ್ಟಲಿಗೆ ದ್ರಾಕ್ಷಾರಸ ಸಿಗದ ಕಡೆ ಅವರು ಒಣದ್ರಾಕ್ಷಿ ನೆನೆಸಿ ರಸ ತೆಗೆದರು, ತಾಲ್ಮೂದಿನ ಒಪ್ಪಿಗೆಯೂ ಅದಕ್ಕಿದೆ. ವಿಜಯಪುರದ ಒಣದ್ರಾಕ್ಷಿ ಮಾರುವ ನಾಡಿನವರಾದ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ. ಇಳಕಲ್ಲಿನ ಮಠದ ಮಹಾಂತಪ್ಪಗಳು ಜೋಳಿಗೆ ಹಿಡಿದು ಮನೆಮನೆಯ ಕುಡಿತವನ್ನು ಭಿಕ್ಷೆ ಬೇಡಿದ ಊರುಗಳಲ್ಲಿ ಬಟ್ಟಲಲ್ಲಿ ಮದ್ಯವಿಲ್ಲದ ರಸ ಇಡುವುದೇ ಲೇಸು ಅನ್ನಿಸಿದರೆ ಅದೂ ಸರಿಯೇ.

ಒಂದು ಕಹಿಯನ್ನು ಹೇಳದೆ ಮುಂದೆ ಹೋಗಲಾರೆ. ಯೆಹೂದ್ಯರ ಮೇಜಿನ ಮೇಲೆ ಹುಟ್ಟಿದ ಈ ಊಟವನ್ನೇ ನೆವ ಮಾಡಿ ಯುರೋಪಿನ ಕ್ರೈಸ್ತರು ಯೆಹೂದ್ಯರನ್ನು ಕೊಂದರು. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಒಬ್ಬ ಹುಡುಗನ ಹೆಣ ಸಿಕ್ಕಿತು, ಅಪವಾದ ಯೆಹೂದ್ಯರ ತಲೆಗೆ ಬಂತು. ಮುಂದೆ ಅದೇ ಕಥೆ ಬೆಳೆದು, ಕ್ರೈಸ್ತ ಮಕ್ಕಳ ರಕ್ತ ಬೆರೆಸಿ ಮಾತ್ಸಾ ಮಾಡುತ್ತಾರೆ ಎಂಬ ಸುಳ್ಳಾಯಿತು. ರಕ್ತದ ಹನಿ ಕಂಡರೆ ಮೊಟ್ಟೆಯನ್ನೇ ಎಸೆಯುವ ಜನರ ಮೇಲೆ! 1298ರಲ್ಲಿ ಜರ್ಮನಿಯ ರೋಟಿಂಗನ್‌ನಲ್ಲಿ ಪವಿತ್ರ ರೊಟ್ಟಿಯನ್ನು ಚುಚ್ಚಿ ಹಿಂಸಿಸಿದರೆಂಬ ಪುಕಾರಿನಿಂದ ಶುರುವಾದ ಕೊಲೆಗಳು ಊರೂರಿಗೆ ಹಬ್ಬಿದವು. ಯೇಸುವಿನ ಸಾವಿನ ಹೊಣೆಯನ್ನು ಇಡೀ ಯೆಹೂದ್ಯ ಕುಲದ ಮೇಲೆ ಹೊರಿಸಬಾರದೆಂದು ಕ್ಯಾಥೊಲಿಕ್ ಸಭೆ ಅಧಿಕೃತವಾಗಿ ಹೇಳಿದ್ದು 1965ರಲ್ಲಿ. ಕೊಂಡಿ ಕಿತ್ತ ಸೆರಗು ಕೊರಳಿಗೆ ಉರುಲೂ ಆಗಬಲ್ಲದು.

ಇನ್ನು ಅಜ್ಜಿಯ ಪ್ರಶ್ನೆ. ಅವರ ಜೋಳದ ರೊಟ್ಟಿ ಪವಿತ್ರ ಭೋಜನಕ್ಕೆ ಆದೀತೇ? ಕ್ಯಾಥೊಲಿಕ್ ಸಭೆಯ ಕಾಯಿದೆಯ 924ನೇ ಕಲಮು ಅಪ್ಪಟ ಗೋಧಿಯ ರೊಟ್ಟಿಯೇ ಆಗಬೇಕೆನ್ನುತ್ತದೆ. ಯೆಹೂದ್ಯರ ಲೆಕ್ಕದಲ್ಲೂ ಜೋಳ ಪಸ್ಕದ ಮಾತ್ಸಾಕ್ಕೆ ಸಲ್ಲದು. ಅದಕ್ಕೊಂದು ಅರ್ಥವಿದೆ, ಆ ರಾತ್ರಿಯ ಗುರುತನ್ನು ಮನಬಂದಂತೆ ಬದಲಿಸಬಾರದು. ಆದರೆ ಯೋಹಾನನ ಸುವಾರ್ತೆಯಲ್ಲಿ ಐದು ಸಾವಿರ ಮಂದಿಗೆ ಹಂಚಿದ ಐದು ರೊಟ್ಟಿಗಳು ಬಾರ್ಲಿಯವು. ಆ ನಾಡಿನಲ್ಲಿ ಗೋಧಿ ಕೊಳ್ಳಲಾಗದವರ ಕಾಳು, ನಮ್ಮ ಜೋಳದ ಹಾಗೆ. ಗೋಧಿ ನಮ್ಮಲ್ಲಿ ಹೋಳಿಗೆ, ಹುಗ್ಗಿಯ ದಿನದ್ದು. ಚರ್ಚಿನಲ್ಲಿ ಕೊಡುವ ಕಾಗದದಂಥ ತೆಳ್ಳನೆಯ ಬಿಳಿ ಬಿಲ್ಲೆ ನಾಲಿಗೆಯ ಮೇಲೆ ಕರಗುವಾಗ ಒಂದು ಊಟ ನಡೆಯುತ್ತಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಕಟಕ ರೊಟ್ಟಿ ಮುರಿದಾಗ ಲಟ್ಟೆಂದು ಸದ್ದಾಗುತ್ತದೆ, ಚೂರು ಉದುರುತ್ತದೆ, ಪಕ್ಕದವರಿಗೆ ಅರ್ಧ ಕೊಡಲೇಬೇಕಾಗುತ್ತದೆ. ಪ್ರೊಟೆಸ್ಟಂಟ್ ಸಭೆಗಳಿಗೆ ಗೋಧಿಯ ಕಾಯಿದೆಯ ಕಟ್ಟಿಲ್ಲ. ಅವರು ವರ್ಷಕ್ಕೊಮ್ಮೆ, ಗುರುವಾರದ ರಾತ್ರಿ, ಜೋಳದ ರೊಟ್ಟಿಯನ್ನೇ ಮುರಿಯಬೇಕೆಂಬುದು ನನ್ನ ಅಭಿಪ್ರಾಯ. ಕ್ಯಾಥೊಲಿಕ್ಕರು ಪೂಜೆಯಾದ ಮೇಲೆ ಅಂಗಳದಲ್ಲಿ ಮುರಿಯಬಹುದು.

ಬನಶಂಕರಿ ಗುಡಿಯ ಮುಂದೆ ಬುಟ್ಟಿಯಲ್ಲಿ ರೊಟ್ಟಿ ಹೊತ್ತು ಬಂದು ಮಾರುವ ಹೆಣ್ಣುಮಕ್ಕಳನ್ನು ಬಾದಾಮಿಗೆ ಹೋದವರೆಲ್ಲ ನೋಡಿದ್ದೀರಿ. ರೊಟ್ಟಿ, ಕಾಳುಪಲ್ಯ, ಕೆಂಪು ಖಾರ, ಗಟ್ಟಿ ಮೊಸರು. ಮರದ ನೆರಳಲ್ಲಿ ಯಾರ ಪಕ್ಕ ಯಾರು ಕೂತರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬಕ್ಕೆ ಮನೆಯಿಂದ ಮನೆಗೆ ರೊಟ್ಟಿ ಹೋಗುತ್ತದೆ, ಆದರೆ ಎಲ್ಲ ಮನೆಗೂ ಹೋಗುವುದಿಲ್ಲ; ಯಾವ ಓಣಿಗೆ ಹೋಗುವುದಿಲ್ಲ ಎಂದು ಓದುಗರಿಗೂ ಗೊತ್ತು, ನನಗೂ ಗೊತ್ತು. ಆ ಗುರುವಾರ ನಾನು ಚರ್ಚಿನ ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ದೀಕ್ಷೆಯಾಗದವನಿಗೆ ಬಟ್ಟಲಿಲ್ಲ, ಅದು ಅವರ ಕಟ್ಟಳೆ, ನನಗೇನೂ ಬೇಸರವಾಗಲಿಲ್ಲ. ಮನೆಗೆ ಬಂದಾಗ ಅಜ್ಜಿ ನನ್ನನ್ನು ತಮ್ಮ ಪಕ್ಕಕ್ಕೇ ಕೂರಿಸಿಕೊಂಡರು. ಒಂದು ರೊಟ್ಟಿ ತೆಗೆದು ಎರಡು ಮಾಡಿ ಅರ್ಧವನ್ನು ನನ್ನ ತಾಟಿಗೆ ಹಾಕಿದರು. "ಹುಳಿ ಇಲ್ಲ, ತಿನ್ನಪಾ" ಅಂದರು.